ತಕ್ಕೊ

ಹೆಸರು ಕೇಳಿದೆ. "ತಕ್ಕೊ" ಅಂದಳು.
ಏನೋ ಕೊಡುತ್ತಿದ್ದಾಳೆಂದು ನಾನು ಕೈಚಾಚಿದೆ.
ಅವಳ ಕೈಯಲ್ಲಿ ಏನೂ ಇರಲಿಲ್ಲ.
ಫುಲಾನಿ ಹಟ್ಟಿಯ ಹೆಂಗಸರೆಲ್ಲ ನಕ್ಕರು.
ನಾಲ್ಕನೆಯ ಹೆಣ್ಣುಮಗುವಿಗೆ ಇಡುವ ಹೆಸರಂತೆ.
ನಾಗಮಂಗಲದವಳಿಗೆ ಹೇಗೆ ಗೊತ್ತಿರಬೇಕು?

ದನಗಳಿಗೆ ಸೂಜಿ ಚುಚ್ಚಲು ಹೋದವಳು
ಎರಡು ಬೇಸಿಗೆ ಅವರ ಜೊತೆ ನಡೆದೆ.
ಮನೆಯೆಂದರೆ ಚಾಪೆ, ಬಾಗಿಸಿದ ಕಡ್ಡಿ;
ಹುಲ್ಲು ಮುಗಿದ ಬೆಳಿಗ್ಗೆ ಸುತ್ತಿ
ಎತ್ತಿನ ಬೆನ್ನಿಗೆ ಹೇರಿದರೆ ಊರೇ ಹೊರಟಂತೆ.
ಹೊಸ ಜಾಗದಲ್ಲಿ ಮೊದಲು ನೆಲಕ್ಕಿಳಿಯುವುದು
ಕರು ಕಟ್ಟುವ ಉದ್ದನೆಯ ಹಗ್ಗ.
ಹಗ್ಗದ ಆಚೆ ಗಂಡಸರು,
ಈಚೆ ನಾವು, ಸೋರೆಬುರುಡೆ, ಹಾಲು.

ಎಷ್ಟು ದನ ಎಂದು ಬರೆಯಲು ಪುಸ್ತಕ ತೆಗೆದರೆ
ತಕ್ಕೊ ಮುಖ ತಿರುಗಿಸಿದಳು.
ನಮ್ಮಜ್ಜಿಯೂ ಅಷ್ಟೆ, ಹಳ್ಳಿಕಾರ್ ಕರುಗಳನ್ನು ಎಣಿಸಿದವರಿಗೆ
ಮಜ್ಜಿಗೆ ಕೊಡುತ್ತಿರಲಿಲ್ಲ.
ಆ ಕಾಲಂ ಖಾಲಿ ಬಿಟ್ಟೆ. ಸಾಹೇಬರು ಬೈದರು.

ಕುಶಲ ಕೇಳುವುದಕ್ಕೇ ಅಲ್ಲಿ ಅರ್ಧ ಗಳಿಗೆ:
ನಿದ್ದೆ ಹೇಗೆ, ದಣಿವು ಹೇಗೆ, ಬಿಸಿಲು, ಆ ಕುಂಟ ಹಸು ಹೇಗೆ.
ಎಲ್ಲಕ್ಕೂ ಒಂದೇ ಉತ್ತರ, ನೆಮ್ಮದಿ.
ಕುಂಟ ಹಸು ಸತ್ತ ದಿನವೂ.

ಈಗ ಬಿಂಡಿಗನವಿಲೆ ಡೇರಿಯಲ್ಲಿ, ಬೆಳಿಗ್ಗೆ ಆರಕ್ಕೆ,
ಹಾಲಿನ ಗುಣ ಯಂತ್ರ ಹೇಳುತ್ತದೆ,
ಪುಟ್ಟಚೆನ್ನಮ್ಮ ಯಂತ್ರದ ಜೊತೆ ಜಗಳ ಆಡುತ್ತಾಳೆ.
ಚೆನ್ನಾಗಿದ್ದೀಯವ್ವ ಎಂದು ನಾನು ಶುರು ಮಾಡಿದರೆ
ಹಸುವಿನವರೆಗೆ ಬರುವಷ್ಟರಲ್ಲಿ ಸಾಲು ಸರಿದಿರುತ್ತದೆ.

ಮೊನ್ನೆ ನಾಗಮಂಗಲದ ಬಸ್ಸಿನಲ್ಲಿ
ಹಿಂದಿನ ಸೀಟಿನಿಂದ ಯಾರೋ "ತಕ್ಕೊ" ಅಂದರು.
ಗಕ್ಕನೆ ತಿರುಗಿದೆ.
ಮಗುವಿನ ಬಾಯಿಗೆ ಬಿಸ್ಕತ್ತು ಹಿಡಿದ ಹುಡುಗಿಯೊಬ್ಬಳು
"ಏನಕ್ಕ?" ಅಂದಳು.
ನೆಮ್ಮದಿ, ಅಂದೆ.