ಅರ್ಧ ಲೀಟರು

ಬೆಳಿಗ್ಗೆಯೇ ಸ್ಟೀಲು ಚೊಂಬಿಗೆ ಅಳೆದು ಹೊಯ್ದಿಟ್ಟುಕೊಳ್ಳುತ್ತೇನೆ
ದಿನದ ಪಾಲು, ಅರ್ಧ ಲೀಟರು.
ಕಾಫಿ ಇದರಲ್ಲೇ, ಮಾತ್ರೆ ಇದರಲ್ಲೇ,
ಸಾರಿನ ತಿಳಿಯೂ ಇದರ ಲೆಕ್ಕಕ್ಕೇ.
ಸಾವಿರದೈನೂರು ಅಡಿಗೂ ಧೂಳುಗುಳುವ ಬೋರು ನೋಡುತ್ತಾ
ಬೆಳೆದವಳು ನಾನು.
ಈಗ ನಲ್ಲಿ ತುಂಬ ನೀರು,
ನನಗೊಬ್ಬಳಿಗೇ ಬರ.

ಮಂಗಳವಾರ, ಶುಕ್ರವಾರ ನರಸಾಪುರದಿಂದ ಕೋಲಾರದ ಬಸ್ಸು.
ಕಿಟಕಿಯಾಚೆ ಕೆರೆ ತುಂಬಿದೆ.
ಬೆಂಗಳೂರು ಬಳಸಿ ಬಿಟ್ಟ ನೀರು,
ಎಲ್ಲೋ ಯಂತ್ರದೊಳಗೆ ಸೋಸಿಕೊಂಡು ಬಂದದ್ದು.
ಕೊಕ್ಕರೆಗಳಿಗೆ ಅದರ ಹಿಂದಿನ ಕಥೆ ಬೇಕಿಲ್ಲ.
ನನ್ನ ರಕ್ತವೂ ಹಾಗೆಯೇ,
ವಾರಕ್ಕೆರಡು ಸಲ ಹೊರಗೆ ಹೋಗಿ
ತೊಳೆದುಕೊಂಡು ಮನೆಗೆ ಬರುತ್ತದೆ.

ಸ್ತ್ರೀಸಮಾಜದವರು ಬಂದಿದ್ದರು, ಬ್ರೆಡ್ಡು ಮೂಸಂಬಿ ಹಿಡಿದು.
(ಮೂಸಂಬಿ ನನಗೆ ವಿಷ. ಮೊಮ್ಮಗ ತಿಂದ.)
"ಪ್ರೀತಿಸುವವರನ್ನೇ ದೇವರು ಪರೀಕ್ಷಿಸೋದು, ಸಂಪೂರ್ಣಮ್ಮ"
ಅಂದರು ಕರುಣಾಮಣಿ.
ಹಾಗಾದರೆ ನನ್ನನ್ನು ಸ್ವಲ್ಪ ಕಡಿಮೆ ಪ್ರೀತಿಸಲಿ
ಅನ್ನಬೇಕೆಂದಿದ್ದೆ, ನಾಲಗೆ ಒಣಗಿ
ಅಂಗುಳಿಗೆ ಅಂಟಿತ್ತು.
ಅದನ್ನವರು ವಿಶ್ವಾಸ ಅಂದುಕೊಂಡರು.

ಈ ವರ್ಷ ಶುಭ ಶುಕ್ರವಾರ ನನ್ನ ಸರದಿಯ ಶುಕ್ರವಾರವೇ.
ನಲವತ್ತು ವರ್ಷ ತಪ್ಪಿಸದ ಮೂರು ಗಂಟೆಯ ಆರಾಧನೆ
ತಪ್ಪಿತು.
ಎಡಗೈಯಲ್ಲಿ ಎರಡು ಸೂಜಿ.
ಕಿಟಕಿಯಲ್ಲಿ ಅಂತರಗಂಗೆಯ ಬೆಟ್ಟ;
ಅಲ್ಲಿ ಯಾವ ಬೇಸಿಗೆಗೂ ನಿಲ್ಲದೆ ಬಂಡೆಯೊಳಗಿಂದ ನೀರು ಇಳಿಯುತ್ತದೆ,
ನೋಡಬಾರದೆಂದು ಕಣ್ಣು ಮುಚ್ಚಿದೆ.
ಒಳಗೊಳಗೇ ಎಣಿಸಿದೆ ಶಿಲುಬೆಯ ಏಳು ಮಾತು.
ಕ್ಷಮೆಯದನ್ನು ಅಯ್ಯನವರು ಚೆನ್ನಾಗಿ ಹೇಳುತ್ತಾರೆ.
ತಾಯಿಯದಕ್ಕೆ ಪ್ರತಿ ವರ್ಷ ಅಳುತ್ತೇನೆ.
ಐದನೆಯದು ಪುಟ್ಟದು.
ಅದು ಬರುವ ಹೊತ್ತಿಗೆ ಯಾವತ್ತೂ
ಗ್ಯಾಸು ಆರಿಸಿ ಬಂದೆನೋ ಇಲ್ಲವೋ ಎಂಬ ಚಿಂತೆ ನನಗೆ.
ಇವತ್ತು ಅದನ್ನು ದಾಟಲಾಗಲಿಲ್ಲ.

ಬೋಧನೆಯಲ್ಲ ಅದು, ಯಾರಿಗೂ ಪಾಠವಲ್ಲ.
ಹಿಂದೊಮ್ಮೆ ಬಾವಿಯ ಕಟ್ಟೆಯಲ್ಲಿ ಕೂತು
ಪರಜಾತಿಯವಳ ಕೊಡದ ನೀರು ಕೇಳಿದ್ದವನು
ಮತ್ತೆ ಕೇಳುತ್ತಿದ್ದಾನೆ.
ಸಮುದ್ರಕ್ಕೆ ಸುಮ್ಮನಿರು ಅಂದ ಅದೇ ಬಾಯಿಗೆ
ತುಟಿ ಒದ್ದೆಯಾಗುವಷ್ಟೂ ಇಲ್ಲ.

"ಯಾಕಕ್ಕ, ತುಟಿ ಆಡಿಸ್ತಿದ್ದೀರ?"
ಪಕ್ಕದ ಮಂಚದ ಮುನಿವೆಂಕಟಪ್ಪ,
ಟಮೋಟ ಮಂಡಿಯಲ್ಲಿ ಕ್ರೇಟು ಹೊತ್ತವನು.
ಹೇಳಿದೆ. ನೀರು ಕೇಳಿದ್ದನ್ನೂ ಹೇಳಿದೆ.
"ಕೊಟ್ರಾ?"
"ಹುಳಿ ಕೊಟ್ರು. ಹುಳಿ ರಸ, ಸ್ಪಂಜಿಗೆ ಅದ್ದಿ."
ಊದಿದ ತನ್ನ ಕಾಲುಗಳನ್ನು ಬಹಳ ಹೊತ್ತು ನೋಡಿಕೊಂಡ.
"ಥೂ. ಹುಳಿ ಆಗಬಾರ್ದಲ್ಲಕ್ಕ
ನಮ್ಮಂಥೋರಿಗೆ!"

ನಮ್ಮಂಥೋರಿಗೆ.
ನಗು ತಡೆಯದೆ ಕೈ ಅಲುಗಿ
ಯಂತ್ರ ಕೂಗಿಕೊಂಡಿತು,
ಮಾಲೂರಿನ ಹುಡುಗ ಓಡಿ ಬಂದು ಬೈದ.
ಗಡಿಯಾರದಲ್ಲಿ ಎರಡೂ ಮುಕ್ಕಾಲು.
ಆ ಹೊತ್ತಿನಲ್ಲಿ ನಕ್ಕದ್ದು ಪಾಪವೋ ಏನೋ,
ಅಯ್ಯನವರನ್ನು ಕೇಳಿಲ್ಲ.

ನಮ್ಮಿಬ್ಬರ ನಡುವೆ ಯಾರೋ
ಇನ್ನೊಂದು ಮಂಚ ಎಳೆದು ಹಾಕಿದಂತಿತ್ತು.
ಅದರಲ್ಲಿ ಮಲಗಿದವನ ಬಾಯಿಯೂ ಒಣಗಿತ್ತು.
ಯಾಕೆ ನನಗೇ ಎಂಬುದಕ್ಕೆ
ಅವನೂ ಉತ್ತರ ತಂದಿರಲಿಲ್ಲ.
ಪಕ್ಕದಲ್ಲಿದ್ದ.

ಫ್ಲಾಸ್ಕಿನಲ್ಲಿ ನಾಲ್ಕು ಚೂರು ಐಸು ಉಳಿದಿತ್ತು.
ಎರಡನ್ನು ಮುನಿವೆಂಕಟಪ್ಪನಿಗೆ ಕೊಟ್ಟೆ.
ಕಡಿಯಬೇಡ, ಚೀಪು, ಅಂದೆ.

ಭಾನುವಾರ ಕಟಕಟೆಗೆ ಮೊಣಕಾಲೂರಿದೆ.
ಹೆಬ್ಬೆರಳಷ್ಟು ಗಾಜಿನ ಬಟ್ಟಲು.
ಉಳಿದವರು ಗಟಕ್ಕನೆ ನುಂಗಿ ಎದ್ದರು,
ನಾನು ನಾಲಗೆಯ ಮೇಲೆ ಹೊತ್ತುಕೊಂಡು ಬೆಂಚಿಗೆ ಬಂದೆ.
ದ್ರಾಕ್ಷಿಯೂ ಆಗಬಾರದು.
ಡಾಕ್ಟರನ್ನು ಕೇಳಿಲ್ಲ.

ಮನೆಗೆ ಬಂದು ಲೆಕ್ಕದ ಪುಸ್ತಕ ತೆಗೆದೆ.
ಕಾಫಿ, ಅರವತ್ತು. ಮಾತ್ರೆಗೆ, ನಲವತ್ತು.
ಪ್ರಭುವಿನದು, ಹತ್ತು
ಎಂದು ಬರೆದು, ಚೊಂಬಿನಿಂದ ಅಷ್ಟನ್ನು
ಸೇವಂತಿಗೆಯ ಕುಂಡಕ್ಕೆ ಬಗ್ಗಿಸಿದೆ.