ಎದುರು ಪಾಳಯದಲ್ಲಿ

ಇಲ್ಲೇ ಕೂತುಬಿಡು ಎಂದಿತು ಮೊಣಕಾಲು.
ನಮ್ಮವರ ಕಡೆಗೆ ಹೋಗಲು ಮೈದಾನ ಅರ್ಧ ಸುತ್ತಬೇಕು,
ಜಲ್ಲಿ ದಾರಿ, ಕತ್ತಲು, ಅಡ್ಡಾದಿಡ್ಡಿ ನಿಂತ ಪಿಕಪ್ ಟ್ರಕ್ಕುಗಳು.
ಗೇಟಿನಲ್ಲಿ ಐದು ಡಾಲರ್ ಇಸಿದುಕೊಂಡ ಹುಡುಗಿ
ಕೈಗೊತ್ತಿದ ಮುದ್ರೆಯಲ್ಲೂ ಅವರೂರಿನ ಬ್ಯಾಡ್ಜರ್.
ಆಗಲಿ ಎಂದು ಅಲ್ಯೂಮಿನಿಯಂ ಹಲಗೆಗೆ ಕುಂಡಿ ಊರಿದೆ.
ನೆಬ್ರಾಸ್ಕದ ಅಕ್ಟೋಬರ್ ಚಳಿ
ಕೇಳದೆ ಹೇಳದೆ ಮೂಳೆಗೇ ಬಂತು.

ನಾನು ಆಡ್ಲೀನ್ ಹ್ರೂಶ್ಕಾ.
ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವಳು.
ಆಟದ ನಿಯಮ ಇವತ್ತಿಗೂ ಪೂರ್ತಿ ತಿಳಿಯದು.
ಹೆಸರು ಫುಟ್‌ಬಾಲು, ಕಾಲಿಗೆ ಚೆಂಡು ತಾಗುವುದೇ ಅಪರೂಪ.
ಚೆಂಡೂ ದುಂಡಗಿಲ್ಲ,
ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯಬೇಕೆಂದು ಅದಕ್ಕೇ ಗೊತ್ತಿಲ್ಲ.
ಹನ್ನೊಂದು ಹುಡುಗರನ್ನು ಕೂಡಿಸಲಾರದ ಊರುಗಳು ನಮ್ಮವು,
ಆರಾರು ಜನರ ಆಟ.

ಹುಡುಗರು ಮಾತ್ರ ಗೊತ್ತು.
ಹೆಲ್ಮೆಟ್ಟಿನೊಳಗೆ ಯಾರೆಂದು ನಡಿಗೆಯಲ್ಲೇ ಹೇಳಬಲ್ಲೆ.
ನಲವತ್ತನಾಲ್ಕು, ಬಟಾಣಿ ಮುಟ್ಟದವನು.
ಹನ್ನೆರಡು, ಎರಡನೇ ಸಲ ಸಾಲಿಗೆ ಬಂದು
ಹೊಸಬನಂತೆ ತಟ್ಟೆ ಒಡ್ಡುತ್ತಿದ್ದವನು.
ಏಳು ಸೇಬನ್ನು ಜೇಬಿಗಿಳಿಸಿ ತಂಗಿಗೆ ಒಯ್ಯುತ್ತಿದ್ದ,
ನಾನು ನೋಡಿಲ್ಲವೆಂದು ಅವನು, ನೋಡದವಳಂತೆ ನಾನು,
ಎರಡಿಡುತ್ತಿದ್ದೆ.
ಇಪ್ಪತ್ತೊಂದು ನನ್ನ ಮೊಮ್ಮಗ, ಕೋಬಿ.

"ಮುರಿಯಿರೋ ಆ ಇಪ್ಪತ್ತೊಂದನ್ನ!"
ಬೆನ್ನ ಹಿಂದೆ ಒಬ್ಬ, ಗಂಟಲಲ್ಲಿ ಟ್ರಾಕ್ಟರು.
ತಿರುಗಿದೆ. ಕೆಟ್ಟ ಮುಖವೇನಲ್ಲ.
ಮೀಸೆಗೆ ಹಾಟ್‌ಡಾಗಿನ ಸಾಸಿವೆ, ತೊಡೆಯ ಮೇಲೆ ಮಲಗಿದ ಮಗು.
ಅದರ ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು
ಅರಚುತ್ತಿದ್ದ.

ಪಕ್ಕದ ಹೆಂಗಸು, ಲವೋನ್ ಅಂತೆ,
ತನ್ನ ಕಂಬಳಿಯ ಅರ್ಧವನ್ನು ನನ್ನ ಮಂಡಿಗೆಳೆದು ಕೇಳಿದಳು,
"ನಿಮ್ಮವನು ಯಾವನು?"
ಸುಳ್ಳು ಹೇಳಬಹುದಿತ್ತು. ಕಂಬಳಿ ಬೆಚ್ಚಗಿತ್ತು.
ಮೈದಾನದಾಚೆಯ ದಂಡೆಗೆ ಬೆರಳು ತೋರಿದೆ,
"ಇಪ್ಪತ್ತೊಂದು."
ಹಿಂದಿನ ಟ್ರಾಕ್ಟರು ಗಕ್ಕನೆ ನಿಂತಿತು.
ಕೆಮ್ಮಿತು.
ಆಮೇಲೆ ಹನ್ನೆರಡನ್ನು ಮುರಿಯಲು ಹೇಳತೊಡಗಿತು.

ಇಷ್ಟು ವರ್ಷ ನಮ್ಮ ಕಡೆ ಕೂತು ಕಂಡದ್ದು
ಗೆರೆಯಂಚಿಗೆ ನಿಂತ ಹುಡುಗರ ಬೆನ್ನು, ಬೆನ್ನಿನ ಅಂಕಿ.
ಇವತ್ತು ಮುಖ ಕಾಣುತ್ತಿದೆ.
(ದೂರದ್ದು ಇನ್ನೂ ಕಾಣುತ್ತದೆ, ಹತ್ತಿರದ್ದಕ್ಕೇ ಕನ್ನಡಕ.)
ಐವತ್ತೆಂಟು, ಒಮ್ಮೆಯೂ ಆಟಕ್ಕಿಳಿಯದವನು,
ಹಾಲಿನ ಪೊಟ್ಟಣ ಬಿಡಿಸಲು ಬಾರದೆ ನನ್ನ ಹತ್ತಿರ ತರುತ್ತಿದ್ದವನು,
ಹೆಲ್ಮೆಟ್ಟನ್ನು ಕಂಕುಳಿಗೆ ಎತ್ತಿಕೊಂಡು, ಬಾಯಿ ಅರೆತೆರೆದು,
ಓಡುವವರ ಹೆಜ್ಜೆಗಳನ್ನೆಲ್ಲ
ನಿಂತಲ್ಲೇ ತಾನೂ ಹಾಕುತ್ತಿದ್ದಾನೆ.
ಇದನ್ನು ಅವನ ತಾಯಿ ಕಂಡಿಲ್ಲ.
ಅವಳು ಆ ಕಡೆ ಕೂತಿದ್ದಾಳೆ.

ಮೂರನೆಯ ಕ್ವಾರ್ಟರ್. ಬೋರ್ಡಿನಲ್ಲಿ ನಮ್ಮ ಅಂಕ ನೋಡುವಂತಿರಲಿಲ್ಲ.
ಕೋಬಿ ಬಿದ್ದವನು ಎದ್ದು, ದಂಡೆಗೆ ಕುಂಟಿ ಬಂದು,
ಹಿಂದಕ್ಕೆ ಹೊರಳಿ ನಾನು ಕೂರುವ ಮೂರನೇ ಸಾಲು ಹುಡುಕಿದ.
ಒಂದು ಸಲ. ಇನ್ನೊಂದು ಸಲ.
ಮತ್ತೆ ಇತ್ತ ತಿರುಗಿದಾಗ ಅವನ ಮುಖ
ಊಟದ ಹೊತ್ತು ಮೀರಿ ಬಂದು
ಮುಚ್ಚಿದ ಕಿಟಕಿ ಕಂಡ ಹುಡುಗನ ಮುಖ.

ಎದ್ದೆ. ಮೊಣಕಾಲು ಬೇಡವೆಂದಿತು, ಕೇಳಲಿಲ್ಲ.
ಕೂಗಿದರೆ ನನ್ನ ದನಿ ಎಲ್ಲಿಗೆ ಮುಟ್ಟೀತು?
ಲವೋನ್ ತನ್ನ ಕೈಯ ಹಸುವಿನ ಗಂಟೆಯನ್ನು ನನಗೆ ಕೊಟ್ಟಳು,
ಅವರ ಗೆಲುವಿಗೆಂದು ತಂದದ್ದು,
ಹಿಡಿಗೆ ಅವರೂರಿನ ಬಣ್ಣ.
ಬಾರಿಸಿದೆ. ಆಟವೇ ನಡೆಯದ ಹೊತ್ತಿನಲ್ಲಿ
ಒಬ್ಬಳೇ ನಿಂತು ಬಾರಿಸಿದೆ.
ಕೋಬಿ ತಲೆ ಎತ್ತಿದ.

ಅಷ್ಟೇ. ಗೆಲ್ಲಲಿಲ್ಲ.
ಮರುಗಳಿಗೆ ಅವನ ಕೈಯಿಂದ ಚೆಂಡೂ ಜಾರಿತು.

ಕೈಕುಲುಕುವ ಸಾಲು ಮುಗಿದ ಮೇಲೆ
ಬೆವರು, ಹುಲ್ಲು, ಸುಣ್ಣ ಮೆತ್ತಿಕೊಂಡು ಮೈದಾನ ದಾಟಿ ಬಂದ.
"ಅಜ್ಜೀ, ಇವರ ಕಡೆ ಯಾಕೆ ಕೂತೆ?"
"ಮೊಣಕಾಲು" ಎಂದೆ.
"ನನ್ನದೂ" ಎಂದ.