ಏಳು ಗೆಣ್ಣಿನ ಕಡ್ಡಿ

ಟಾಡ್‌ಮರ್ಡನ್ನಿನಲ್ಲಿ ಬೆಳಗಿನ ಜಾವ ಮೂರು.
ಬೇಕರಿಯ ಹಿಂಬಾಗಿಲ ಬಳಿ, ಹಿಟ್ಟಿನ ಡ್ರಮ್ಮಿನ ಮೇಲೆ
ರೇಡಿಯೋ ಕೂತಿದೆ, ತಾನೂ ಹಿಟ್ಟು ಬಳಿದುಕೊಂಡು,
ತಲೆಯ ಮೇಲೊಂದು ಏಳು ಗೆಣ್ಣಿನ ಕಡ್ಡಿ.
ಆರೇ ಈಗ. ತುದಿಯದು ಹೋದ ಚಳಿಗಾಲ
ಟ್ರೇ ಗಾಡಿಗೆ ಸಿಕ್ಕು ಮುರಿಯಿತು.
ನಾಲ್ಕನೆಯದಕ್ಕೆ ಸುತ್ತಿದ್ದು ನೀಲಿ ಪ್ಲಾಸ್ಟರ್,
ಬೆರಳು ಕೊಯ್ದಾಗ ನಾವು ಸುತ್ತಿಕೊಳ್ಳುವುದೇ:
ಹಿಟ್ಟಿನಲ್ಲಿ ಬಿದ್ದರೆ ಕಾಣಲಿ ಎಂದು ನೀಲಿ.

ಊರಿಗೆ ಎರಡೂ ಕಡೆ ಗುಡ್ಡ.
ಇಲ್ಲಿಗೆ ಬಿಸಿಲೂ ತಡ, ಹಾಡೂ ತಡ.
ದನಿಯೊಂದು ನೇರ ಬಂದರೆ
ಅದರದೇ ಇನ್ನೊಂದು ಗುಡ್ಡಕ್ಕೆ ತಲೆ ಚಚ್ಚಿಕೊಂಡು
ಕುಂಟುತ್ತ ಹಿಂದೆ ಬರುತ್ತದೆ.
ಬಾಗಿಲಲ್ಲಿ ನಾ ಮೊದಲು ನೀ ಮೊದಲು ಎಂದು ತಳ್ಳಾಟ.
ಅದಕ್ಕೇ ಈ ಕರಕರ.

"ಪೂರ್ತಿ ಎಳೀಬೇಡ, ನೀಲ್" ಅನ್ನುತ್ತಾನೆ ಬ್ರಾಡ್‌ಬೆಂಟ್.
(ನೀಲಗಂಗಾ ಅವನ ಬಾಯಲ್ಲಿ ಗಂಡಸಾಗಿ ನಾಲ್ಕು ವರ್ಷ.)
"ಉದ್ದವಿದ್ದಷ್ಟೂ ಒಳ್ಳೆಯದು ಅಂದವರಾರು?
ಮುಕ್ಕಾಲು ಮೀಟರ್. ಅಲೆಗೆ ಅಷ್ಟು ಸಾಕು.
ನೆಟ್ಟಗೆ ನಿಲ್ಲಿಸು. ಬೇಡ, ಮಲಗಿಸು.
ಕಿಟಕಿಯ ಕಡೆ. ಆ ಕಿಟಕಿಯಲ್ಲ."
ಗೋಡೆಗೆ ಪಟ ಹಾಕುವಾಗ ನಮ್ಮ ದೊಡ್ಡಪ್ಪ ಹೀಗೆಯೇ,
ಕುರ್ಚಿಯಲ್ಲಿ ಕೂತು, ಇನ್ನೊಬ್ಬರ ಕೈಯಿಂದ.

ಇವತ್ತು ಹಾಡು ಯಾರಿಗೂ ಬೇಡ.
ಹನ್ನೊಂದಕ್ಕೆ ಶುರುವಾದ ಹಿಮ ನಿಂತಿಲ್ಲ.
ಬೆಣ್ಣೆ ತರಲು ಬರ್ನ್‌ಲಿಗೆ ಹೋದ ಇದ್ರೀಸ್
ಎರಡಕ್ಕೆ ಬರಬೇಕಿತ್ತು. ಫೋನು ರಿಂಗೂ ಆಗುತ್ತಿಲ್ಲ.
ರಸ್ತೆ ಸುದ್ದಿ ಬಂತು:
"...ಬಳಿ ಮುಚ್ಚಲಾಗಿದೆ. ವ್ಯಾನೊಂದು..."
ಆಮೇಲೆ ಒಣ ಜೋಳದ ದಂಟು ತುಳಿದಂಥ ಸದ್ದು.
ಊರಿನ ಹೆಸರನ್ನೇ ತಿಂದುಬಿಟ್ಟಿತು.

ಎಡಕ್ಕೆ ಬಗ್ಗಿಸಿದೆ, ಯಾರದೋ ಡ್ರಮ್ಮು.
ಬಲಕ್ಕೆ, ಬರೀ ಗಾಳಿ.
ಓವನ್ನಿನಿಂದ ದೂರ ಒಯ್ದೆ, ಫ್ರಿಜ್ಜಿಗೆ ಒರಗಿಸಿದೆ,
ಜಪ್ಪಯ್ಯ ಅಂದರೂ ಇಲ್ಲ.
ಬೇಸತ್ತು, ಹಿಟ್ಟು ಮೆತ್ತಿದ ಕೈಯಲ್ಲೇ
ಆರನೆಯ ಗೆಣ್ಣು ಹಿಡಿದೆ ನೋಡಿ,
ತೊಳೆದಿಟ್ಟ ಲೋಟದಂಥ ದನಿ!
ಬಿಟ್ಟೆ: ಕರಕರ.
ಹಿಡಿದೆ: ಹೆಂಗಸೊಬ್ಬಳು ಚಳಿಯ ಲೆಕ್ಕ ಹೇಳುತ್ತಿದ್ದಾಳೆ,
ಪಕ್ಕದಲ್ಲೇ ಮಣೆ ಹಾಕಿ ಕೂತವಳ ಹಾಗೆ.

"ಹಾಗೇ ಇರು" ಅಂದ ಬ್ರಾಡ್‌ಬೆಂಟ್.
"ಇನ್ನೂರು ಬನ್ನಿಗೆ ಉಂಡೆ ಕಟ್ಟೋರು ಯಾರು?"
ಉತ್ತರ ಹೇಳದೆ ನನ್ನ ಮೇಜಿಗೆ ಬಂದ.
ಮೂವತ್ತು ವರ್ಷ ಓವನ್ನು ಬಿಟ್ಟು ಕದಲದವನು
ಉಂಡೆ ಕಟ್ಟಿದ, ಒಂದು ನಿಂಬೆ, ಒಂದು ತೆಂಗಿನಕಾಯಿ.

ಮುಂದಿನ ಸುದ್ದಿ ಮೂರೂವರೆಗೆ.
ಅಲ್ಲಿಯತನಕ ಕೈ ಎತ್ತಿ ನಿಂತೆ
ಬಸ್ಸಿನಲ್ಲಿ ಸೀಟು ಸಿಗದವಳ ಹಾಗೆ.
ಹೆಗಲು ಜೋಮು ಹಿಡಿಯಿತು. ಮೂಗು ತುರಿಸಿತು.
ಉಸಿರು ಜೋರಾಗಿ ಬಿಟ್ಟರೂ ದನಿ ಮಬ್ಬಾಗುತ್ತಿತ್ತು,
ಅಥವಾ ನನಗೆ ಹಾಗನ್ನಿಸುತ್ತಿತ್ತು.

"ಕಾರ್ನ್‌ಹೋಮ್ ಬಳಿ ರಸ್ತೆ ಮುಚ್ಚಲಾಗಿದೆ.
ವ್ಯಾನೊಂದು ಅಡ್ಡ ಬಿದ್ದಿದೆ. ಐಸ್‌ಕ್ರೀಮಿನದು. ಯಾರಿಗೂ ಪೆಟ್ಟಿಲ್ಲ."
ಐಸ್‌ಕ್ರೀಮು, ಈ ಫೆಬ್ರವರಿಯಲ್ಲಿ!
ಬ್ರಾಡ್‌ಬೆಂಟ್ ಮೇಜು ಬಡಿದು ನಕ್ಕ.
ನಾನು ನಗಲಿಲ್ಲ, ಕೈ ಅಲುಗೀತೆಂದು.
ಇಳಿಸಲೂ ಇಲ್ಲ.
ಪೆಟ್ಟಿಲ್ಲ ಅಂದಮಾತ್ರಕ್ಕೆ ಬಂದ ಹಾಗಾಯಿತೆ?

ನಾಲ್ಕು ಹೊಡೆದ ಮೇಲೆ ಇದ್ರೀಸ್ ಬಂದ,
ವ್ಯಾನು ಅಲ್ಲೇ ಬಿಟ್ಟು ಎರಡೂವರೆ ಮೈಲಿ ನಡೆದು,
ಹುಬ್ಬಿನಲ್ಲಿ ಹಿಮ, ಹೆಗಲ ಮೇಲೆ ಬೆಣ್ಣೆಯ ಒಂದೇ ಪೆಟ್ಟಿಗೆ.
ನನ್ನನ್ನು ನೋಡಿ, "ಕೈ ಎತ್ತಿದ್ದೀಯಲ್ಲ,
ಏನು ಪ್ರಶ್ನೆ?" ಅಂದ.

ಇಳಿಸಿದೆ. ರೇಡಿಯೋ ತನ್ನ ಕರಕರಕ್ಕೆ ಮರಳಿತು.
ಯಾರೂ ಸರಿಮಾಡಲು ಹೋಗಲಿಲ್ಲ.
ಬ್ರಾಡ್‌ಬೆಂಟನ ಬನ್ನುಗಳು ಸೊಟ್ಟಗೇ ಉಬ್ಬಿದವು,
ಎಂಟರೊಳಗೆ ಮಾರಿಯೂ ಹೋದವು.